ಮನೆ ಹಿಂದಿನ ಬರೆ ಜರಿಯುವ ಮುನ್ನ

ಕೊಡಗಿನಲ್ಲಿ ಬರೆ ಅಂತಾರೆ, ಮಲೆನಾಡಿನ ಹಲವು ಕಡೆ ಧರೆ. ಗುಡ್ಡ ಕಡಿದು ಮನೆಗೆ ತಳ ಮಾಡಿದಾಗ ಹಿಂಬದಿಯಲ್ಲಿ ಗೋಡೆಯ ಹಾಗೆ ನಿಲ್ಲುವ ಮಣ್ಣು ಅದು. ಅದರ ಮತ್ತು ಮನೆಯ ನಡುವೆ ಎಷ್ಟೋ ಕಡೆ ಒಬ್ಬರು ಓಡಾಡುವಷ್ಟೇ ಜಾಗ. ಬಚ್ಚಲು, ಅಡುಗೆಮನೆ, ಮಲಗುವ ಕೋಣೆ ಆ ಕಡೆಗೇ ಇರುತ್ತವೆ. ಈ ಬರಹ ಅಂಥ ಮನೆಗಳವರಿಗೆ.

ಮೊದಲು ಕಾಲ ನೋಡಿ, ಮಳೆನಕ್ಷತ್ರಗಳ ಲೆಕ್ಕದಲ್ಲಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಗೆ ಬಿದ್ದದ್ದು ಪುನರ್ವಸು ಮಳೆಯಲ್ಲಿ. ಅದೇ ತಿಂಗಳು 30ರ ವಯನಾಡಿನ ದುರಂತ ಪುಷ್ಯ ಮಳೆಯಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಜರಿದ 2020ರ ಆಗಸ್ಟ್ ಮೊದಲ ವಾರ ಆಶ್ಲೇಷ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲದ ಗುಡ್ಡಗಳು ಕುಸಿದಾಗಲೂ ಆಶ್ಲೇಷ ಮುಗಿಯುತ್ತಿತ್ತು. ಮೃಗಶಿರಾ, ಆರ್ದ್ರಾ ಮಳೆ ಬಂದು ಹೋಗುವಷ್ಟರಲ್ಲಿ ಮಣ್ಣಿನ ಹೊಟ್ಟೆ ತುಂಬಿರುತ್ತದೆ. ಜೂನ್‌ನಲ್ಲಿ 100 ಮಿ.ಮೀ. ತಡೆದುಕೊಂಡ ಬರೆ ಜುಲೈ ಕೊನೆಯಲ್ಲಿ ಅಷ್ಟೇ ಮಳೆಗೆ ಕೈಬಿಡಬಹುದು. "ಇದಕ್ಕಿಂತ ದೊಡ್ಡ ಮಳೆ ನೋಡಿದ್ದೇವೆ" ಎಂಬ ಮಾತನ್ನು ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಲ್ಲಿ ಲೆಕ್ಕಕ್ಕೆ ಇಡಬೇಡಿ.

ಮಣ್ಣಿನೊಳಗೆ ಏನಾಗುತ್ತದೆ

ಕರಾವಳಿ ಮತ್ತು ಅದಕ್ಕೆ ತಾಗಿದ ಘಟ್ಟದಲ್ಲಿ ಮೇಲೆ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ), ಕೆಳಗೆ ಶೇಡಿ ಮಣ್ಣು. ಒಣಗಿದಾಗ ಶೇಡಿ ಕತ್ತಿಯಲ್ಲಿ ಕೊಯ್ದ ಹಾಗೆ ನೇರವಾಗಿ ನಿಲ್ಲುತ್ತದೆ. ನೀರು ಕುಡಿದರೆ ಕೈಯಲ್ಲಿ ಹಿಟ್ಟಿನಂತೆ ಕಲಸಬಹುದು. ಮೇಲಿನ ಕಲ್ಲು ಗಟ್ಟಿ ಇದೆ ಎಂದು ನಂಬಿ ಜೆಸಿಬಿಯಲ್ಲಿ ನೇರ ಕಡಿಸುತ್ತೇವೆ, ಬುಡದ ಶೇಡಿ ಕರಗಿ ಮೇಲಿನದೆಲ್ಲ ಕುಳಿತುಬಿಡುತ್ತದೆ. ಒಳನಾಡಿನಲ್ಲಿ ಕೆಂಪು ಮಣ್ಣು ಬಂಡೆಯ ಮೇಲೆ ಕುಳಿತಿರುತ್ತದೆ. ನೀರು ಇಂಗಿ ಬಂಡೆಗೆ ತಾಗಿ ನಿಲ್ಲುತ್ತದೆ, ಹೋಗಲು ದಾರಿ ಸಿಗದೆ ಮಣ್ಣನ್ನು ಮುಂದಕ್ಕೆ ನೂಕುತ್ತದೆ. ಆದ್ದರಿಂದ ಮಾಡುವ ಕೆಲಸವೆಲ್ಲ ಒಂದೇ: ನೀರು ಒಳಗೆ ಹೋಗದಂತೆ ನೋಡುವುದು, ಹೋದದ್ದಕ್ಕೆ ಹೊರದಾರಿ ಕೊಡುವುದು.

ಮೇ ತಿಂಗಳಲ್ಲಿ

ಮಳೆಗಾಲದ ನಡುವೆ ಮಳೆ ಬಿಟ್ಟ ದಿನ ಬರೆ ನೋಡಿದರೆ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ ಬರೆಯ ತಲೆಯಿಂದ ಮೇಲಕ್ಕೆ ಕನಿಷ್ಠ 50 ಅಡಿ ನಡೆದು ನೋಡಿ. ಇಂಗುಗುಂಡಿ, ಕಸದ ಗುಂಡಿ, ಬಚ್ಚಲ ನೀರಿನ ಗುಂಡಿ, ಬಾಳೆ ನೆಡಲು ತೋಡಿ ಬಿಟ್ಟ ಕುಳಿ ಇದ್ದರೆ ಮುಚ್ಚಿ. ಬಯಲುಸೀಮೆಯಲ್ಲಿ ಇಂಗುಗುಂಡಿ ವರದಾನ. ಮನೆಯ ತಲೆಯ ಮೇಲಿನ ಇಳಿಜಾರಿನಲ್ಲಿ ಅದನ್ನು ತೋಡಿದರೆ ಬರೆಯ ಬೆನ್ನಿಗೆ ನೀರು ತುಂಬಿದಂತೆ. ಲೆಕ್ಕ ಹಾಕಿ: ಒಂದು ಸೆಂಟ್ಸ್ (ಎಕರೆಯ ನೂರನೇ ಒಂದು ಭಾಗ) ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 40 ಲೀಟರ್. ಬರೆಯ ಮೇಲಿನ 10 ಸೆಂಟ್ಸ್‌ನಲ್ಲಿ 100 ಮಿ.ಮೀ. ಸುರಿದರೆ 40,000 ಲೀಟರ್. 5,000 ಲೀಟರಿನ ಎಂಟು ಟ್ಯಾಂಕರ್.

ಈ ನೀರನ್ನು ತಿರುಗಿಸಲು ಬರೆಯ ಅಂಚಿನಿಂದ ಹಿಂದಕ್ಕೆ ಏಳೆಂಟು ಅಡಿ ಬಿಟ್ಟು ಅಡ್ಡ ಕಾಲುವೆ ಬೇಕು. ಒಂದೂವರೆ ಅಡಿ ಅಗಲ, ಒಂದಡಿ ಆಳ ಸಾಕು. ನೂರಡಿಗೆ ಒಂದೆರಡು ಅಡಿ ಇಳಿಜಾರು ಇರಲಿ. ಹಲವರು ಎಡವುವುದು ಇಲ್ಲಿ. ಬರೀ ಮಣ್ಣಿನ ಕಾಲುವೆ ತೋಡಿ ಬಿಟ್ಟರೆ ಎಲೆ, ಕಡ್ಡಿ ಕಟ್ಟಿಕೊಂಡು ನೀರು ನಿಲ್ಲುತ್ತದೆ. ನಿಂತ ನೀರು ಸೀದಾ ಬರೆಯೊಳಗೆ ಇಳಿಯುತ್ತದೆ, ಕಾಲುವೆ ಇಲ್ಲದಿದ್ದಾಗಿನ ಸ್ಥಿತಿಗಿಂತ ಇದು ಕೆಟ್ಟದ್ದು. ಕಾಂಕ್ರೀಟ್ ಮಾಡಲು ಹಣವಿಲ್ಲದಿದ್ದರೆ ಅಡಿಕೆ ಒಣಗಿಸುವ ದಪ್ಪ ಟಾರ್ಪಾಲನ್ನಾದರೂ ಹಾಸಿ, ಅಂಚಿಗೆ ಕಲ್ಲು ಹೇರಿ. ನೀರು ಕೊನೆಗೆ ಹಳ್ಳಕ್ಕೆ ಸೇರಬೇಕು, ಪಕ್ಕದ ಮನೆಯ ಬರೆಗಲ್ಲ. ಇದರ ಬಗ್ಗೆ ನೆರೆಯವರ ಹತ್ತಿರ ಮೊದಲೇ ಕೂತು ಮಾತಾಡಿ. ಮಳೆಯಲ್ಲಿ ನಿಂತು ಆಡುವ ಮಾತು ಜಗಳವಾಗುತ್ತದೆ.

ಮಾಡಿನ (ಸೂರಿನ) ನೀರನ್ನು ಮರೆಯಬೇಡಿ. ಸಾವಿರ ಚದರಡಿಯ ಮಾಡು 100 ಮಿ.ಮೀ. ಮಳೆಗೆ 9,300 ಲೀಟರ್ ಸುರಿಸುತ್ತದೆ. ಅದರಲ್ಲಿ ಅರ್ಧ ಬರೆಯ ಬುಡಕ್ಕೆ ಬಿದ್ದು ಶೇಡಿಯನ್ನು ಕೊರೆಯುತ್ತದೆ. ಹಿಂಬದಿಗೆ ದಂಬೆ (ಮಾಡಿನಂಚಿನಲ್ಲಿ ನೀರು ಹಿಡಿಯುವ ದೋಣಿ) ಕಟ್ಟಿ ಮುಂದಕ್ಕೆ ತನ್ನಿ.

ಕಟ್ಟಿಸಿದ ತಡೆಗೋಡೆ ಇದ್ದರೆ ಅದರಲ್ಲಿ ತೂತುಗಳಿವೆಯೇ ನೋಡಿ. ಅಡ್ಡಕ್ಕೂ ಉದ್ದಕ್ಕೂ ಐದಡಿಗೊಂದರಂತೆ ಮೂರು ಇಂಚಿನ ಪೈಪು, ಹೊರಗೆ ಸ್ವಲ್ಪ ಇಳಿಜಾರಾಗಿ, ಹಿಂದೆ ಜಲ್ಲಿ ತುಂಬಿದ್ದು ಇರಬೇಕು. ಇಲ್ಲದ ಗೋಡೆ ಅಣೆಕಟ್ಟಾಗುತ್ತದೆ: ಮೊದಲು ಉಬ್ಬುತ್ತದೆ, ಆಮೇಲೆ ಕಲ್ಲಿನ ಭಾರದೊಂದಿಗೇ ಮನೆಗೆ ಬೀಳುತ್ತದೆ. ಜೋರು ಮಳೆಯಲ್ಲೂ ಪೈಪಿನಿಂದ ಹನಿ ಬರದಿದ್ದರೆ ಸಂತೋಷಪಡಬೇಡಿ, ಕಟ್ಟಿಕೊಂಡಿರಬಹುದು. ಬೇಸಿಗೆಯಲ್ಲೇ ಸರಳು ತೂರಿಸಿ ಬಿಡಿಸಿ.

ಬರೆಯ ಅಂಚಿನ ದೊಡ್ಡ ಮರ ಗಾಳಿಗೆ ತೂಗಿದಾಗ ಮಣ್ಣನ್ನು ಮೀಟುತ್ತದೆ. ಕೊಂಬೆ ಇಳಿಸಿ ಭಾರ ಕಡಿಮೆ ಮಾಡಿ, ಬೇರು ಕೀಳಬೇಡಿ. ಬೋಳು ಬರೆಗೆ ಲಾವಂಚ ಒಳ್ಳೆಯದು: ಮೊದಲ ಮಳೆಗೆ ಗೇಣಿಗೊಂದು ಬುಡದಂತೆ ಅಡ್ಡ ಸಾಲಿನಲ್ಲಿ ನೆಡಿ. ಆದರೆ ಮೊದಲ ವರ್ಷ ಅದನ್ನು ನಂಬಬೇಡಿ, ಹದಿನೈದು ಇಪ್ಪತ್ತು ಅಡಿ ಬರೆಯ ಆಳದ ಕುಸಿತವನ್ನು ಯಾವ ಹುಲ್ಲೂ ಹಿಡಿಯಲಾರದು.

ಮಳೆ ಅಳೆಯುವುದು, ಬಿರುಕು ಅಳೆಯುವುದು

ತಾಲ್ಲೂಕಿನ ಮಳೆ ವರದಿ ನಿಮ್ಮ ಗುಡ್ಡದ ಮಳೆಯಲ್ಲ. ಎರಡು ಮೈಲಿಗೆ ಲೆಕ್ಕ ಬದಲಾಗುತ್ತದೆ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ಒಂದಡಿಗಿಂತ ಎತ್ತರದ ಪಾತ್ರೆ ಸಾಕು. ನಾಲ್ಕು ಇಂಚಿನ ಪೈಪಿನ ತುಂಡಿಗೆ ಅಡಿಮುಚ್ಚಳ ಅಂಟಿಸಿದರೂ ಆಯಿತು. ಮರ, ಮಾಡಿನಿಂದ ದೂರ ಬಯಲಲ್ಲಿ, ಬಾಯಿ ನೆಲದಿಂದ ಒಂದಡಿಯಾದರೂ ಮೇಲಿರುವಂತೆ ನೆಟ್ಟಗೆ ಕಟ್ಟಿ. ಬೆಳಿಗ್ಗೆ 8.30ಕ್ಕೆ ಸ್ಕೇಲು ಇಳಿಸಿ ನೋಡಿ, ಬರೆದಿಟ್ಟು ಚೆಲ್ಲಿ. ಜೋರು ಮಳೆಯಿದ್ದ ದಿನ ಸಂಜೆ 5ಕ್ಕೂ ನೋಡಿ, ಆದರೆ ಚೆಲ್ಲಬೇಡಿ. ಹವಾಮಾನ ಇಲಾಖೆಯ ಭಾಷೆಯಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ.

ಬರೆಯ ಮೇಲೆ ನೆಲ ಬಿರಿದಿದ್ದರೆ, ಅದರಲ್ಲೂ ಬಿರುಕು ಕಮಾನಿನಂತೆ ಬಾಗಿದ್ದರೆ, ಜಾರುವ ತುಂಡಿನ ಮೇಲಂಚು ಅದು. ಬಿರುಕಿನ ಎರಡೂ ಬದಿಗೆ ಒಂದೊಂದು ಅಡಿ ದೂರದಲ್ಲಿ ಎರಡಡಿ ಉದ್ದದ ಕಬ್ಬಿಣದ ಸರಳು ಹೊಡೆಯಿರಿ, ನಾಲ್ಕು ಇಂಚು ಮೇಲೆ ಕಾಣಲಿ. ತಲೆಗೆ ಬಣ್ಣದ ಚುಕ್ಕೆ ಇಟ್ಟು ಚುಕ್ಕೆಯಿಂದ ಚುಕ್ಕೆಗೆ ಟೇಪು ಹಿಡಿದು ಅಳೆಯಿರಿ, ದಿನಾಂಕ ಹಾಕಿ ಬರೆಯಿರಿ. ಮರದ ಗೂಟ ಬೇಡ, ಒದ್ದೆಯಾಗಿ ಅಲ್ಲಾಡುತ್ತದೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಅಂಗೈಯಗಲ ಸಿಮೆಂಟು ತೆಳ್ಳಗೆ ಬಳಿದು ತಾರೀಕು ಗೀಚಿ. ಅದು ಸೀಳಿದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ. ನೆಲದ ಬಿರುಕಿಗೆ ಜೇಡಿಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲು ಹಾಸಿ. ಟಾರ್ಪಾಲಿನ ಮೇಲಂಚನ್ನು ಮಣ್ಣಿನಲ್ಲಿ ಹೂಳಬೇಕು, ಇಲ್ಲವಾದರೆ ನೀರು ಅಡಿಯಿಂದಲೇ ನುಗ್ಗುತ್ತದೆ. ಮಳೆ ಹೊಯ್ಯುತ್ತಿರುವಾಗ ಈ ಕೆಲಸಕ್ಕೆ ಬರೆ ಹತ್ತಬೇಡಿ.

ಉಳಿದ ಲಕ್ಷಣಗಳನ್ನು ಮನೆಯ ಹೆಂಗಸರು, ಮಕ್ಕಳು ಮೊದಲು ಗುರುತಿಸುತ್ತಾರೆ, ಅವರ ಮಾತು ತಳ್ಳಿಹಾಕಬೇಡಿ: ನಿನ್ನೆವರೆಗೆ ಸರಿಯಿದ್ದ ಬಾಗಿಲು ಇಂದು ಹೊಸ್ತಿಲಿಗೆ ಕಚ್ಚುವುದು, ಬರೆಯ ಬುಡದಲ್ಲಿ ಹಿಂದೆಂದೂ ಇರದ ಜಲ ಏಳುವುದು, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾಗುವುದು, ಬೇಲಿ ಕಂಬ, ಕರೆಂಟು ಕಂಬ ವಾಲುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಜೋರಾಗಿದ್ದಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಮಣ್ಣು, ಮರ ಬಿದ್ದು ಹಳ್ಳ ಕಟ್ಟಿಕೊಂಡಿದೆ, ಒಡೆದಾಗ ಒಟ್ಟಿಗೆ ಬರುತ್ತದೆ. ಹಳ್ಳದ ದಂಡೆಯವರು ಆ ಕ್ಷಣ ಹೊರಡಬೇಕು.

ಯಾವಾಗ ಮನೆ ಬಿಡುವುದು

ಇದನ್ನು ಮೇ ತಿಂಗಳಲ್ಲೇ ನಿರ್ಧರಿಸಿ ಗೋಡೆಗೆ ಬರೆದು ಅಂಟಿಸಿ. ನಾವು ಹೇಳುವ ಗಡಿ ಹೀಗೆ: ಮೇಲಿನ ಲಕ್ಷಣಗಳಲ್ಲಿ ಒಂದು ಕಂಡರೂ, ಸರಳುಗಳ ನಡುವೆ ಒಂದು ದಿನದಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚಿದರೂ ಹೊರಡುವುದು. ಲಕ್ಷಣ ಏನೂ ಇಲ್ಲದಿದ್ದರೂ ಸತತ ಎರಡು ದಿನ 115 ಮಿ.ಮೀ. ದಾಟಿದರೆ, ಅಥವಾ ಜಿಲ್ಲೆಗೆ ರೆಡ್ ಅಲರ್ಟ್ ಇದ್ದರೆ, ಎತ್ತರದ ಬರೆಯ ಬುಡದ ಮನೆಯವರು ಆ ರಾತ್ರಿ ಅಲ್ಲಿ ಮಲಗಬಾರದು. ಇದಕ್ಕಿಂತ ಕಡಿಮೆ ಮಳೆಗೂ ಬರೆ ಬೀಳಬಹುದು. ಗಡಿ ಇಟ್ಟಿರುವುದು ವಾದ ತಪ್ಪಿಸಲು.

ಹೊರಡುವುದಾದರೆ ಕತ್ತಲಾಗುವ ಮುನ್ನ ಹೊರಡಿ. ವಯನಾಡಿನಲ್ಲಿ ಗುಡ್ಡ ಬಂದದ್ದು ರಾತ್ರಿ ಒಂದು ಗಂಟೆಯ ನಂತರ, ನಸುಕಿನ ನಾಲ್ಕರ ಸುಮಾರಿಗೆ ಇನ್ನೊಮ್ಮೆ. ಕರೆಂಟಿಲ್ಲದ ಕತ್ತಲಲ್ಲಿ, ಮಳೆಯ ಸದ್ದಿನಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ, ಕೇಳುವುದಿಲ್ಲ. ಹೋಗಲು ನಿಜಕ್ಕೂ ಆಗದಿದ್ದರೆ ಎಲ್ಲರೂ ಬರೆಯಿಂದ ದೂರದ ಮುಂದಿನ ಕೋಣೆಯಲ್ಲಿ, ಮಹಡಿಯಿದ್ದರೆ ಮೇಲೆ ಮಲಗಿ. ಇದು ಪರಿಹಾರವಲ್ಲ, ಅಪಾಯ ತುಸು ಕಡಿಮೆ ಅಷ್ಟೇ.

ದಾರಿಯನ್ನು ಮೊದಲೇ ನಡೆದು ನೋಡಿರಬೇಕು, ಮನೆಯ ಅಜ್ಜಿಯನ್ನೂ ಕರೆದುಕೊಂಡು. ಕಾಳಜಿ ಕೇಂದ್ರಕ್ಕೆ (ಸಂತ್ರಸ್ತರ ಆಶ್ರಯಕ್ಕೆ) ಹೋಗುವ ದಾರಿಯಲ್ಲಿ ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಇದ್ದರೆ ಅದು ದಾರಿಯೇ ಅಲ್ಲ, ಬೇರೆ ಹುಡುಕಿ. ಇನ್ನೊಂದು ಬರೆಯ ಬುಡದಲ್ಲಿ ಹೋಗುವ ರಸ್ತೆಯೂ ಬೇಡ. ಹೊಳೆಯಾಚೆ ಇದ್ದೇವೆ ಎಂಬ ಧೈರ್ಯವೂ ಸಲ್ಲ: ಶಿರೂರಿನ ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳನ್ನು ಬಡಿಯಿತು.

ಚೀಲದಲ್ಲಿ ಆಧಾರ್, ಪಡಿತರ ಚೀಟಿ, ಪಹಣಿ, ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ. ಏಳು ದಿನದ ಮಾತ್ರೆ, ಟಾರ್ಚು, ಕೀಪ್ಯಾಡ್ ಫೋನು, ಒಂದು ಸೀಟಿ. ಹೊರಡುವಾಗ ಮೇನ್ ಸ್ವಿಚ್ಚು, ಗ್ಯಾಸ್ ಬಂದ್. ದನಗಳ ಹಗ್ಗ ಬಿಚ್ಚಿ ಬಿಡಿ, ಕಟ್ಟಿ ಹೋಗಬೇಡಿ.

ಕೇರಿಗೆ ಒಂದು ಪಟ್ಟಿ ಇರಲಿ: ಹಾಸಿಗೆ ಹಿಡಿದವರು, ಬಸುರಿ, ಬಾಣಂತಿ, ತೋಟದ ಲೈನ್ ಮನೆಯ ಕೂಲಿಯವರು. ಲೈನ್ ಮನೆಯವರು ಪಟ್ಟಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಹೊರ ರಾಜ್ಯದಿಂದ ಬಂದವರಿಗೆ ಬರೆ ಎಂದರೇನೆಂದೇ ಗೊತ್ತಿರುವುದಿಲ್ಲ. ಅವರನ್ನು ಕರೆಯುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿ. ಟವರ್ ಸತ್ತರೆ ವಾಟ್ಸ್ಆ್ಯಪ್ ಇಲ್ಲ, ಆದ್ದರಿಂದ ಸದ್ದಿನ ಗುರುತು ಒಂದಿರಲಿ. ದೇವಸ್ಥಾನದ ಗಂಟೆಯಾಗಲಿ, ಸೀಟಿಯಾಗಲಿ ಬಿಟ್ಟುಬಿಡದೆ ಬಾರಿಸುವುದು. ಕೊಡಗಿನಲ್ಲಿ ಕೋವಿ ಬೇಡ, ಎರಡು ಗುಂಡು ಹಾರಿಸಿದರೆ ಸಾವಿನ ಸುದ್ದಿಯೆಂಬ ಅರ್ಥ ಅಲ್ಲಿ ಮೊದಲೇ ಇದೆ.

ಜರಿದಾಗ, ಜರಿದ ಮೇಲೆ

ಮರ ಮುರಿಯುವ ಸದ್ದು, ಗುಡುಗು ನಿಲ್ಲದೆ ಉರುಳಿದಂಥ ಸದ್ದು ಬಂದರೆ ಕೆಸರು ಬರುವ ದಾರಿಯ ಗುಂಟ ಕೆಳಕ್ಕೆ ಓಡಬೇಡಿ, ಅದು ನಿಮಗಿಂತ ವೇಗ. ಅಡ್ಡಕ್ಕೆ, ಎತ್ತರದ ಬದಿಗೆ ಓಡಿ. ಹೊರಗೆ ಹೋಗಲಾಗದಿದ್ದರೆ ಗುಡ್ಡದಿಂದ ದೂರದ ಕೋಣೆಯಲ್ಲಿ ಗಟ್ಟಿ ಮೇಜಿನಡಿ ಸೇರಿ ತಲೆ ಮುಚ್ಚಿಕೊಳ್ಳಿ.

ಮೊದಲ ಕರೆ 112ಕ್ಕೆ ಅಥವಾ ಜಿಲ್ಲೆಯ ಸಹಾಯವಾಣಿ 1077ಕ್ಕೆ. ಹರಿದ ತಂತಿಗೆ 1912. ಊರವರು ಓಡಿ ಬಂದು ಮಣ್ಣು ತೆಗೆಯಲು ಇಳಿಯುವ ಮುಂಚೆ ಒಬ್ಬರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಅವರ ಕೆಲಸ ಮೇಲಿನ ಗುಡ್ಡ ನೋಡುವುದು, ಕಲ್ಲೊಂದು ಉರುಳಿದರೂ ಸೀಟಿ ಊದುವುದು. ಬೇರೆ ಯಾವುದಕ್ಕೂ ಅವರನ್ನು ಕರೆಯಬೇಡಿ. ಆಮೇಲೆ ಎಲ್ಲರೂ ಸುಮ್ಮನಾಗಿ, ವಾಹನ ಬಂದ್ ಮಾಡಿ, ಹೆಸರು ಹಿಡಿದು ಕೂಗಿ ಕಿವಿಗೊಡಿ. ಒಳಗಿನವರು ಬಡಿಯುವ ಸದ್ದು ಜೆಸಿಬಿಯ ಗದ್ದಲದಲ್ಲಿ ಕೇಳುವುದಿಲ್ಲ. ಜನ ಇರುವ ಜಾಗ ತಿಳಿಯುವ ತನಕ ಬಕೆಟ್ ಹಾಕಿಸಬೇಡಿ. ಬುಡದ ಮಣ್ಣು ಎಳೆದರೆ ಮೇಲಿನದು ಮತ್ತೆ ಇಳಿಯುತ್ತದೆ. ಸಿಕ್ಕಿಬಿದ್ದವರ ಮುಖ, ಎದೆಯ ಸುತ್ತ ಮೊದಲು ಕೈಯಲ್ಲಿ ಬಿಡಿಸಿ. ಗಂಟೆಗಟ್ಟಲೆ ಕಾಲು ಕಲ್ಲಿನಡಿ ಜಜ್ಜಿದ್ದರೆ ಸಾಧ್ಯವಾದಷ್ಟು ಆಂಬುಲೆನ್ಸಿನವರು ಬಂದ ಮೇಲೆ ಎತ್ತಿಸಿ. ಒತ್ತಡ ಒಮ್ಮೆಲೇ ಬಿಟ್ಟಾಗ ಜಜ್ಜಿದ ಮಾಂಸದಲ್ಲಿ ತುಂಬಿಕೊಂಡದ್ದು ರಕ್ತಕ್ಕೆ ನುಗ್ಗಿ ಹೃದಯ ನಿಲ್ಲಬಹುದು.

ಚಿನ್ನ, ಪಾಸ್‌ಬುಕ್ ತರಲೆಂದು ಅದೇ ದಿನ ವಾಪಸು ಹೋಗಬೇಡಿ. ಮಳೆ ನಿಂತರೂ ಒಳಗಿನ ನೀರು ದಿನಗಟ್ಟಲೆ ಇಳಿಯುತ್ತಿರುತ್ತದೆ. ಕನಿಷ್ಠ ಮೂರು ದಿನ ಮಳೆಯಿಲ್ಲದೆ ಹೊಳವಾಗಿದ್ದು, ಸರಳಿನ ಅಳತೆ ಬದಲಾಗದೆ ನಿಂತು, ಒರತೆ ತಿಳಿಯಾದ ಮೇಲೆ ಹಗಲಿನಲ್ಲಿ ಹೋಗಿ. ಮಣ್ಣು ತೆಗೆಸುವ ಮುಂಚೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ. ತಹಶೀಲ್ದಾರರಿಗೆ ಕೊಟ್ಟ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಕೆಸರು ಸೇರಿದ ಬಾವಿಯ ನೀರನ್ನು ಪೂರ್ತಿ ಹೊರಹಾಕಿ, ಶುಚಿಮಾಡಿ, ಪರೀಕ್ಷೆ ಆಗುವ ತನಕ ಕುದಿಸಿಯೇ ಕುಡಿಯಿರಿ. ಬಿದ್ದ ಮಣ್ಣನ್ನು ತೆಗೆದು ಅದೇ ಬರೆಯನ್ನು ಮತ್ತೆ ನೇರವಾಗಿ ಕಡಿಸಬೇಡಿ. ಅದು ತಾನಾಗಿ ನಿಂತ ಇಳಿಜಾರನ್ನು ಹಾಗೇ ಬಿಟ್ಟು, ಹಿಂದಿನ ಕೋಣೆಯನ್ನೇ ಮುಂದಕ್ಕೆ ತರುವುದು ಅಗ್ಗ.