ಬಂಡಿ, ದಾರ, ಐದು ವಾಷರ್: ಬಲವನ್ನು ಮೇಜಿನ ಮೇಲೆ ಅಳೆಯುವ ಬಗೆ

ಬಲ ಅಂದರೆ ತಳ್ಳುವುದು ಅಥವಾ ಎಳೆಯುವುದು, ಇದರಲ್ಲಿ ಯಾರಿಗೂ ತಕರಾರಿಲ್ಲ. ತೊಡಕು ಇರುವುದು ಮುಂದಿನ ಮಾತಿನಲ್ಲಿ. ಜೋರಾಗಿ ತಳ್ಳಿದರೆ ಜೋರಾಗಿ ಹೋಗುತ್ತದೆ, ತಳ್ಳುವುದು ಬಿಟ್ಟರೆ ನಿಲ್ಲುತ್ತದೆ; ತುಂಬಿದ ಪೆಟ್ಟಿಗೆಯನ್ನು ನೆಲದ ಮೇಲೆ ದೂಡಿದವರಿಗೆಲ್ಲ ಇದೇ ಸರಿ ಅನ್ನಿಸುತ್ತದೆ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮ ಹೇಳುವುದು ಬೇರೆ: ಬಲದಿಂದ ಸಿಗುವುದು ವೇಗವಲ್ಲ, ವೇಗದ ಬದಲಾವಣೆ. ಇದನ್ನು ಬಾಯಿಪಾಠ ಮಾಡಿಸಿ ಉಪಯೋಗವಿಲ್ಲ, ಅಳೆದೇ ನೋಡಬೇಕು. ನಾನು ಅಳೆಯುವ ರೀತಿಯನ್ನು, ಎಲ್ಲಿ ಕೈಕೊಡುತ್ತದೆ ಎಂಬುದರ ಸಮೇತ, ಇಲ್ಲಿ ಬರೆದಿದ್ದೇನೆ.

ಬೇಕಾಗುವುದು ಇಷ್ಟು: 120 ಸೆಂ.ಮೀ. ಉದ್ದದ ನಯವಾದ, ಬಾಗಿರದ ಹಲಗೆ. ಸಲೀಸಾಗಿ ಉರುಳುವ ನಾಲ್ಕು ಚಕ್ರದ ಸಣ್ಣ ಬಂಡಿ, ಬೇರಿಂಗ್ ಇರುವ ಚಕ್ರವಾದರೆ ಒಳ್ಳೆಯದು. ಹಲಗೆಯ ತುದಿಗೆ ಕಚ್ಚಿಸಲು ಹಗುರವಾದ ರಾಟೆ. ಹಿಗ್ಗದ ತೆಳು ದಾರ. ಒಂದೊಂದೂ ಸುಮಾರು 20 ಗ್ರಾಂ ತೂಗುವ ಐದು ವಾಷರ್. ಒಂದು ಗ್ರಾಂವರೆಗೆ ತೋರಿಸುವ ತಕ್ಕಡಿ. ನಿಧಾನಗತಿಯ ವಿಡಿಯೊ ತೆಗೆಯುವ ಫೋನು. ದೊಡ್ಡ ವಾಷರ್ ಇಲ್ಲದಿದ್ದರೆ ಸಣ್ಣವನ್ನು ಟೇಪಿನಿಂದ ಸುತ್ತಿ 20 ಗ್ರಾಂ ಮಾಡಿಕೊಳ್ಳಿ. ಎಲಾಸ್ಟಿಕ್ ಗುಣವಿರುವ ನೈಲಾನ್ ದಾರ ಬೇಡ, ಬಿಟ್ಟ ಕ್ಷಣದಲ್ಲಿ ಬಂಡಿ ಜಗ್ಗಿ ಜಗ್ಗಿ ಹೋಗುತ್ತದೆ.

ಬಂಡಿ ಮತ್ತು ಐದೂ ವಾಷರ್ ಸೇರಿ ಒಟ್ಟು 600 ಗ್ರಾಂ ಬರುವಂತೆ ಬಂಡಿಯ ಮೇಲೆ ತೂಕ ಕೂರಿಸುತ್ತೇನೆ. ಬಂಡಿಗೆ ಕಟ್ಟಿದ ದಾರ ರಾಟೆಯ ಮೇಲಿಂದ ಕೆಳಗಿಳಿಯುತ್ತದೆ, ಅದರ ತುದಿಗೆ ವಾಷರ್. ಓಟದ ದೂರವನ್ನು ಮೇಜಿನ ಎತ್ತರವೇ ನಿರ್ಧರಿಸುತ್ತದೆ: ಮೇಜು 75 ಸೆಂ.ಮೀ. ಇದ್ದರೆ ವಾಷರ್ ನೆಲದಿಂದ 60 ಸೆಂ.ಮೀ. ಮೇಲಿರುವಂತೆ ದಾರ ಕತ್ತರಿಸಿ. ವಾಷರ್ ನೆಲ ಮುಟ್ಟಿದ ಮೇಲೂ ಬಂಡಿಗೆ 30 ಸೆಂ.ಮೀ. ಓಡಲು ಜಾಗ ಉಳಿಯಬೇಕು. ಆ 30 ಸೆಂ.ಮೀ. ಯಾಕೆ ಬೇಕೆಂದು ಆಮೇಲೆ ಹೇಳುತ್ತೇನೆ. ರಾಟೆಯ ಮುಂದೆ ಒಂದು ಸ್ಪಂಜು ಇಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡನೇ ಓಟಕ್ಕೇ ರಾಟೆ ಮುರಿದಿರುತ್ತದೆ.

ತೂಕ ಹಾಕುವ ಮೊದಲು ಘರ್ಷಣೆಯ ಲೆಕ್ಕ ತೀರಿಸಿಕೊಳ್ಳಬೇಕು. ಒಳ್ಳೆಯ ಬಂಡಿಯಲ್ಲೂ ಉರುಳು ಘರ್ಷಣೆ ಅದರ ತೂಕದ ನೂರರಲ್ಲೊಂದು ಪಾಲಿನಷ್ಟು ಇರಬಹುದು. ಕೇಳಲು ಕಡಿಮೆ. ಆದರೆ 500 ಗ್ರಾಂ ಬಂಡಿಗೆ ಅದು 5 ಗ್ರಾಂ ತೂಕದ ಎಳೆತಕ್ಕೆ ಸಮ, 20 ಗ್ರಾಮಿನ ಒಂದೇ ವಾಷರ್ ತೂಗುಹಾಕಿದಾಗ ಅದರ ಕಾಲು ಭಾಗವನ್ನು ಘರ್ಷಣೆಯೇ ನುಂಗಿಬಿಡುತ್ತದೆ. ಹಾಗಾಗಿ ಹಲಗೆಯ ಹಿಂದಿನ ತುದಿಯ ಕೆಳಗೆ ರಟ್ಟಿನ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತ ಸ್ವಲ್ಪ ಇಳಿಜಾರು ಮಾಡುತ್ತೇನೆ. ಸಾಮಾನ್ಯವಾಗಿ ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಆಸುಪಾಸು ಸಾಕಾಗುತ್ತದೆ. ಇಲ್ಲಿ ಬಹಳ ಜನ ತಪ್ಪುವುದು ಒಂದೇ ಕಡೆ: ಬಂಡಿ ತಾನಾಗಿ ಹೊರಡುವವರೆಗೆ ಹಲಗೆ ಎತ್ತುತ್ತಾರೆ. ನಿಂತದ್ದನ್ನು ಹೊರಡಿಸಲು ಬೇಕಾದ ಬಲ, ಹೊರಟದ್ದನ್ನು ಓಡಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಆದ್ದರಿಂದ ಬೆರಳಲ್ಲಿ ಮೆಲ್ಲಗೆ ನೂಕಿ ಬಿಟ್ಟಾಗ ಬಂಡಿ ಏರದ ಇಳಿಯದ ವೇಗದಲ್ಲಿ ಹೋಗಬೇಕು, ಅದೇ ಸರಿಯಾದ ಓರೆ. ಈ ಉಪಾಯದಲ್ಲಿ ಇನ್ನೊಂದು ಅನುಕೂಲವಿದೆ. ಬಂಡಿಯಿಂದ ಒಂದು ವಾಷರ್ ತೆಗೆದರೆ ಘರ್ಷಣೆ ಎಷ್ಟು ಪಾಲು ಕಡಿಮೆಯಾಗುತ್ತದೋ ಇಳಿಜಾರಿನ ಎಳೆತವೂ ಅಷ್ಟೇ ಪಾಲು ಕಡಿಮೆಯಾಗುತ್ತದೆ, ಹಾಗಾಗಿ ಪ್ರತಿ ಸಲ ಹಲಗೆ ಮುಟ್ಟಬೇಕಿಲ್ಲ. ರಾಟೆಯ ಅಚ್ಚಿನ ಘರ್ಷಣೆಗೆ ಮಾತ್ರ ಇದು ಮದ್ದಲ್ಲ.

ದಾರ ಹಲಗೆಗೆ ಸಮಾನಾಂತರವಾಗಿರಬೇಕು. ಬಂಡಿಯ ಕೊಕ್ಕೆಗಿಂತ ರಾಟೆ 3 ಸೆಂ.ಮೀ. ಮೇಲಿದ್ದರೆ, ಒಂದು ಮೀಟರ್ ದೂರದಲ್ಲಿ ಆ ಓರೆ ಎರಡು ಡಿಗ್ರಿಯೂ ಇಲ್ಲ, ಲೆಕ್ಕಕ್ಕಿಲ್ಲ. ಬಂಡಿ ರಾಟೆಗೆ 10 ಸೆಂ.ಮೀ. ಹತ್ತಿರ ಬಂದಾಗ ಅದೇ ಓರೆ 17 ಡಿಗ್ರಿ ಸಮೀಪಿಸುತ್ತದೆ, ಎಳೆತದ ಶೇ. 4ರಷ್ಟು ಮುಂದಕ್ಕೆ ಎಳೆಯುವ ಕೆಲಸಕ್ಕೆ ಸಿಗುವುದಿಲ್ಲ. ಓಟದ ಮೊದಲರ್ಧ ಸರಿಯಾಗಿ ಬಂದು ಕೊನೆಯಲ್ಲಿ ಅಂಕಿಗಳು ಜಾರುತ್ತಿದ್ದರೆ ಮೊದಲು ಇದನ್ನೇ ನೋಡಿ.

ಇನ್ನು ಓಟ. ಮೊದಲು ಒಂದು ವಾಷರ್ ದಾರದಲ್ಲಿ, ಉಳಿದ ನಾಲ್ಕು ಬಂಡಿಯ ಮೇಲೆ. ಮುಂದಿನ ಓಟಕ್ಕೆ ಎರಡು ದಾರದಲ್ಲಿ, ಮೂರು ಬಂಡಿಯಲ್ಲಿ. ಹೀಗೆ ಸ್ಥಳಾಂತರಿಸುವುದೇ ಈ ಪ್ರಯೋಗದ ಜೀವಾಳ. ತೂಗುವ ವಾಷರ್ ಬಂಡಿಯನ್ನು ಮಾತ್ರ ಎಳೆಯುತ್ತಿಲ್ಲ, ತನ್ನನ್ನೂ ಎಳೆದುಕೊಂಡು ಹೋಗುತ್ತಿದೆ; ಚಲಿಸುವುದು ಎರಡೂ ಸೇರಿದ 600 ಗ್ರಾಂ. ಹೊರಗಿನಿಂದ ಹೊಸ ವಾಷರ್ ಸೇರಿಸುತ್ತ ಹೋದರೆ ಬಲದ ಜೊತೆಗೆ ದ್ರವ್ಯರಾಶಿಯೂ ಏರಿ ಗ್ರಾಫಿನ ಗೆರೆ ಬಾಗುತ್ತದೆ. ಆಗ ನಿಯಮವೇ ತಪ್ಪೇನೋ ಅನ್ನಿಸುತ್ತದೆ. ಒಟ್ಟು ಬದಲಾಗದಿದ್ದರೆ 20, 40, 60, 80, 100 ಗ್ರಾಮಿಗೆ ವೇಗೋತ್ಕರ್ಷ (ಸೆಕೆಂಡಿಗೆ ವೇಗ ಎಷ್ಟು ಏರುತ್ತದೆ ಎಂಬುದು; ಎಳೆಯುವ ತೂಕವನ್ನು ಒಟ್ಟು ದ್ರವ್ಯರಾಶಿಯಿಂದ ಭಾಗಿಸಿದರೆ ಸಿಗುತ್ತದೆ) ಕ್ರಮವಾಗಿ 0.33, 0.65, 0.98, 1.31, 1.63 ಮೀ/ಸೆ² ಬರಬೇಕು. 60 ಸೆಂ.ಮೀ. ಓಡಲು ಮೊದಲನೆಯದಕ್ಕೆ 1.92 ಸೆಕೆಂಡು, ಕೊನೆಯದಕ್ಕೆ 0.86 ಸೆಕೆಂಡು. ಬಲ ಐದು ಪಟ್ಟಾದರೂ ಸಮಯ ಐದನೇ ಒಂದು ಆಗಿಲ್ಲ, ಅರ್ಧಕ್ಕಿಂತ ತುಸು ಕಡಿಮೆ ಆಗಿದೆ ಅಷ್ಟೇ. ದೂರ ಸಮಯದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೀಗೆ.

ಸಮಯ ಅಳೆಯಲು ಸ್ಟಾಪ್‌ವಾಚ್ ಹಿಡಿದರೆ ಕೆಲಸ ಕೆಟ್ಟಿತು. 0.86 ಸೆಕೆಂಡಿನಲ್ಲಿ ಕೈ 0.1 ಸೆಕೆಂಡು ತಪ್ಪಿದರೂ ವೇಗೋತ್ಕರ್ಷದಲ್ಲಿ ಸುಮಾರು ಕಾಲು ಭಾಗ ತಪ್ಪು, ಏಕೆಂದರೆ ಸಮಯ ಲೆಕ್ಕದಲ್ಲಿ ವರ್ಗವಾಗಿ ಬರುತ್ತದೆ. ಸೆಕೆಂಡಿಗೆ 240 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡು. ಆದರೆ ನಿಧಾನಗತಿಯ ವಿಡಿಯೊ ಓಡುವಾಗ ಪರದೆಯಲ್ಲಿ ಕಾಣುವ ಸಮಯ ನಿಜವಾದ ಸಮಯವಲ್ಲ, ಫ್ರೇಮುಗಳನ್ನೇ ಎಣಿಸಬೇಕು. ಬೆಳಕು ಸಾಲದಿದ್ದರೆ ಕೆಲವು ಫೋನುಗಳು ಸದ್ದಿಲ್ಲದೆ ಫ್ರೇಮು ಕಡಿಮೆ ಮಾಡುತ್ತವೆ. ಅನುಮಾನ ಬಂದರೆ ಒಂದು ಲೋಲಕ ಕಟ್ಟಿ ಅದೇ ಬೆಳಕಿನಲ್ಲಿ ಚಿತ್ರಿಸಿ: ದಾರದ ಮೇಲ್ತುದಿಯಿಂದ ಗುಂಡಿನ ಮಧ್ಯಕ್ಕೆ ಸರಿಯಾಗಿ ಒಂದು ಮೀಟರ್ ಇದ್ದರೆ, ಸಣ್ಣ ತೂಗಾಟದಲ್ಲಿ ಒಂದು ಪೂರ್ತಿ ಸುತ್ತಿಗೆ 2.0 ಸೆಕೆಂಡು, ಅಂದರೆ ಸುಮಾರು 480 ಫ್ರೇಮು ಬರಬೇಕು.

ಫೋನನ್ನು ಹಲಗೆಯಿಂದ ಕನಿಷ್ಠ ಎರಡು ಮೀಟರ್ ದೂರದಲ್ಲಿ ಸ್ಟ್ಯಾಂಡಿಗೆ ಕಟ್ಟಿ. 10 ಸೆಂ.ಮೀ.ಗೊಂದು ಗುರುತನ್ನು ಹಲಗೆಯ ಬದಿಯ ಅಂಚಿನಲ್ಲೇ ಹಾಕಬೇಕು, ಹಿಂದಿನ ಗೋಡೆಯ ಮೇಲಲ್ಲ. ಕ್ಯಾಮೆರಾ ಒಂದು ಮೀಟರಿನಲ್ಲಿದ್ದು ಗುರುತುಗಳು ಬಂಡಿಗಿಂತ 10 ಸೆಂ.ಮೀ. ಹಿಂದಿದ್ದರೆ ದೂರದಲ್ಲಿ ಶೇ. 10ರ ಮೋಸವಾಗುತ್ತದೆ.

ಬಂಡಿ ಹೊರಟ ಕ್ಷಣವನ್ನು ವಿಡಿಯೊದಲ್ಲಿ ಹುಡುಕಬೇಡಿ. ಒಂದೇ ವಾಷರಿನ ಓಟದಲ್ಲಿ ಮೊದಲ 0.1 ಸೆಕೆಂಡಿನಲ್ಲಿ ಅದು ಸರಿಯುವುದು 1.6 ಮಿ.ಮೀ., ಅಂದರೆ 24 ಫ್ರೇಮು ದಾಟಿದರೂ ಕಣ್ಣಿಗೆ ನಿಂತಂತೆಯೇ ಇರುತ್ತದೆ. ನಾನು ಎರಡು ತುಂಡುಗಳನ್ನು ಆರಿಸಿಕೊಳ್ಳುತ್ತೇನೆ: 10ರಿಂದ 20 ಸೆಂ.ಮೀ., 50ರಿಂದ 60 ಸೆಂ.ಮೀ. ಮೂರು ವಾಷರಿನ ಓಟಕ್ಕೆ ಲೆಕ್ಕ ಹೀಗೆ ಬರುತ್ತದೆ. ಮೊದಲ ತುಂಡಿಗೆ 45 ಫ್ರೇಮು, ವೇಗ 0.1 × 240 ÷ 45, ಅಂದರೆ 0.533 ಮೀ/ಸೆ. ಎರಡನೆಯದಕ್ಕೆ 23 ಫ್ರೇಮು, ವೇಗ 1.043. ಒಂದು ತುಂಡಿನ ಸರಾಸರಿ ವೇಗ ಆ ತುಂಡಿನ ನಡು ಸಮಯದ ವೇಗ. ಎರಡು ನಡು ಸಮಯಗಳ ನಡುವೆ 123 ಫ್ರೇಮು, ಅಂದರೆ 0.5125 ಸೆಕೆಂಡು. ವೇಗದ ಏರಿಕೆ 0.51ನ್ನು ಇದರಿಂದ ಭಾಗಿಸಿದರೆ 0.995, ಬರಬೇಕಾದದ್ದು 0.98. ಇದೇ ಓಟವನ್ನು ಸೆಕೆಂಡಿಗೆ 60 ಫ್ರೇಮಿನಲ್ಲಿ ತೆಗೆದರೆ ಎರಡನೇ ತುಂಡಿಗೆ ಆರು ಫ್ರೇಮೂ ಸಿಗುವುದಿಲ್ಲ, ಒಂದು ಫ್ರೇಮ್ ತಪ್ಪಿದರೆ ಶೇ. 17 ಹೋಯಿತು.

ಬಂಡಿಯನ್ನು ಕೈಯಿಂದ ಬಿಡಬಾರದು, ಗೊತ್ತಿಲ್ಲದೆ ಬೆರಳು ಒಂದಿಷ್ಟು ನೂಕಿರುತ್ತದೆ. ಮುಂದೆ ಒಂದು ಸ್ಕೇಲನ್ನು ಅಡ್ಡ ನಿಲ್ಲಿಸಿ, ಅದನ್ನು ನೇರ ಮೇಲಕ್ಕೆತ್ತಿ.

ಐದು ಓಟ ಮುಗಿದ ಮೇಲೆ ಅಡ್ಡ ಅಕ್ಷದಲ್ಲಿ ತೂಗುವ ವಾಷರುಗಳ ತೂಕವನ್ನು ನ್ಯೂಟನ್‌ನಲ್ಲಿ (0.196ರಿಂದ 0.98ವರೆಗೆ), ಲಂಬ ಅಕ್ಷದಲ್ಲಿ ವೇಗೋತ್ಕರ್ಷವನ್ನು ಹಾಕಿ ಗೆರೆ ಎಳೆಯಿರಿ. ಗೆರೆ ಸೊನ್ನೆಯಿಂದ ಹೊರಡದೆ ಅಡ್ಡ ಅಕ್ಷವನ್ನು ಬಲಕ್ಕೆ ಎಲ್ಲೋ ಕಡಿದರೆ ಘರ್ಷಣೆ ಇನ್ನೂ ಉಳಿದಿದೆ, ಕಡಿದ ಜಾಗವೇ ಅದರ ಪ್ರಮಾಣ. ಲಂಬ ಅಕ್ಷವನ್ನು ಸೊನ್ನೆಗಿಂತ ಮೇಲೆ ಕಡಿದರೆ ಹಲಗೆ ಅತಿಯಾಗಿ ಓರೆಯಾಗಿದೆ. ಇವೆರಡೂ ಇಲ್ಲದಿದ್ದರೂ ಗೆರೆಯ ಓರೆ ಸಾಮಾನ್ಯವಾಗಿ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. 600 ಗ್ರಾಮಿಗೆ 1.67 (1 ÷ 0.6) ಬರಬೇಕಾದ್ದು 1.60 ಬಂದರೆ, ಗ್ರಾಫಿನ ಪ್ರಕಾರ ದ್ರವ್ಯರಾಶಿ 625 ಗ್ರಾಂ. ಈ 25 ಗ್ರಾಂ ಎಲ್ಲಿಂದ ಬಂತು? ಚಕ್ರಗಳು ಮುಂದಕ್ಕೆ ಹೋಗುವುದಲ್ಲದೆ ತಿರುಗಲೂ ಬೇಕಲ್ಲ. ಗಟ್ಟಿ ಬಿಲ್ಲೆಯಂಥ ಚಕ್ರ ತನ್ನ ದ್ರವ್ಯರಾಶಿಯ ಅರ್ಧದಷ್ಟು ಹೆಚ್ಚುವರಿ ಜಡತ್ವ ತೋರಿಸುತ್ತದೆ. 10 ಗ್ರಾಮಿನ ನಾಲ್ಕು ಚಕ್ರಕ್ಕೆ 20 ಗ್ರಾಂ, 10 ಗ್ರಾಮಿನ ರಾಟೆಗೆ 5. ತಕ್ಕಡಿಗೆ ಕಾಣದ ಈ 25 ಗ್ರಾಂ ಗ್ರಾಫಿನಲ್ಲಿ ಕಂಡಾಗ ಪ್ರಯೋಗ ಚೆನ್ನಾಗಿ ನಡೆದಿದೆ ಎಂದು ನಾನು ನಂಬುತ್ತೇನೆ.

ಈಗ ಆ ಉಳಿಸಿಟ್ಟ 30 ಸೆಂ.ಮೀ. ವಾಷರ್ ನೆಲಕ್ಕೆ ಕೂತ ಕೂಡಲೇ ದಾರ ಸಡಿಲವಾಗುತ್ತದೆ, ಎಳೆಯುವವರು ಯಾರೂ ಇಲ್ಲ. ಬಂಡಿ ನಿಲ್ಲುವುದಿಲ್ಲ, ನಿಧಾನವೂ ಆಗುವುದಿಲ್ಲ. ಪ್ರತಿ 10 ಸೆಂ.ಮೀ.ಗೆ ಅಷ್ಟಷ್ಟೇ ಫ್ರೇಮು ತೆಗೆದುಕೊಳ್ಳುತ್ತದೆ. ‘ಚಲನೆಯ ಬಲ ಇನ್ನೂ ಅದರಲ್ಲಿದೆ’ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಆ ಬಲ ಕೊಡುತ್ತಿರುವುದು ಯಾರು? ಬಂಡಿಯನ್ನು ಮುಟ್ಟಿರುವುದು ಹಲಗೆ ಮತ್ತು ಗಾಳಿ ಮಾತ್ರ, ಮುಟ್ಟದೆ ಎಳೆಯುವುದು ಭೂಮಿ ಮಾತ್ರ. ಇವುಗಳಲ್ಲಿ ಯಾವುದರ ಹೆಸರನ್ನೂ ಹೇಳಲಾಗದ ಬಲವನ್ನು ಚಿತ್ರದಲ್ಲಿ ಬರೆಯುವಂತಿಲ್ಲ. ಫ್ರೇಮು ಏರುತ್ತ ಹೋದರೆ ಹಲಗೆಗೆ ಇನ್ನೊಂದು ರಟ್ಟು ಸೇರಿಸಿ.

ದಾರದ ಎಳೆತ ಎಷ್ಟು ಎಂದು ಕೇಳಿದರೆ ‘ವಾಷರಿನ ತೂಕದಷ್ಟು’ ಎಂಬ ಉತ್ತರ ತಟ್ಟನೆ ಬರುತ್ತದೆ. ಬಂಡಿ ನಿಂತಿರುವಾಗ ಮಾತ್ರ ಅದು ನಿಜ. ಚಿಕ್ಕ ಸ್ಪ್ರಿಂಗ್ ತಕ್ಕಡಿಯನ್ನು ಬಂಡಿಯ ಮೇಲೆ ಮಲಗಿಸಿ ಕಟ್ಟಿ, ಅದರ ಕೊಕ್ಕೆಗೆ ದಾರ ಹಾಕಿ. ಮಲಗಿಸಿದಾಗ ಕೊಕ್ಕೆಯ ತೂಕ ಸ್ಪ್ರಿಂಗನ್ನು ಎಳೆಯುವುದಿಲ್ಲ, ಆದ್ದರಿಂದ ಸೊನ್ನೆಯನ್ನು ಮತ್ತೆ ಹೊಂದಿಸಬೇಕು. ತಕ್ಕಡಿಯ ತೂಕದಷ್ಟನ್ನು ಬಂಡಿಯಿಂದ ಇಳಿಸಬೇಕು. ಐದು ವಾಷರ್ ತೂಗುಹಾಕಿ ಬಂಡಿ ಹಿಡಿದಿದ್ದರೆ 0.98 ನ್ಯೂಟನ್. ಬಿಟ್ಟರೆ 0.82ಕ್ಕೆ ಇಳಿಯುತ್ತದೆ. ಉಳಿದ 0.16 ವಾಷರನ್ನೇ ಕೆಳಕ್ಕೆ ವೇಗಗೊಳಿಸಲು ಖರ್ಚಾಗಿದೆ. ಬಿಟ್ಟ ಕೂಡಲೇ ಮುಳ್ಳು ಕುಣಿಯುತ್ತದೆ, ಕುಣಿತದ ನಡುವಿನ ಅಂಕಿಯನ್ನು ವಿಡಿಯೊದಿಂದ ಓದಿ.

ಜಾರು ಘರ್ಷಣೆಗೆ 200 ಗ್ರಾಮಿನ ಮರದ ತುಂಡು ಮತ್ತು ಅದೇ ತಕ್ಕಡಿ ಸಾಕು. ಎಳೆತವನ್ನು ನಿಧಾನವಾಗಿ ಏರಿಸುತ್ತ ಹೋಗಿ. 0.3 ನ್ಯೂಟನ್ ಎಳೆದಾಗ ತುಂಡು ಅಲುಗದಿದ್ದರೆ ಘರ್ಷಣೆಯೂ 0.3, 0.5 ಎಳೆದಾಗಲೂ ಅಲುಗದಿದ್ದರೆ ಅದೂ 0.5. ಘರ್ಷಣೆಯ ಗುಣಾಂಕವನ್ನು (ಎರಡು ಮೇಲ್ಮೈಗಳು ಒಂದನ್ನೊಂದು ಎಷ್ಟು ಹಿಡಿದುಕೊಳ್ಳುತ್ತವೆ ಎಂದು ಹೇಳುವ ಅಂಕಿ) ತೂಕದಿಂದ ಗುಣಿಸಿದರೆ ಸಿಗುವುದು ಅದರ ಮೇಲ್ಮಿತಿ ಮಾತ್ರ. ಮಿತಿ ಮುರಿಯುವ ಕ್ಷಣ ಕಣ್ಣಿಗೆ ಸಿಗದು, ತಕ್ಕಡಿಯನ್ನೂ ಚಿತ್ರಿಸಿಕೊಳ್ಳಿ. ಮೇಲ್ಮಿತಿಯನ್ನು ಹಲಗೆ ಎತ್ತಿಯೂ ಕಾಣಬಹುದು: ತುಂಡು ಜಾರುವ ಹೊತ್ತಿಗೆ ಹಲಗೆಯ ಕೆಳಗಿನ ಅಡ್ಡ ದೂರ 50 ಸೆಂ.ಮೀ., ಎತ್ತರ 20 ಸೆಂ.ಮೀ. ಇದ್ದರೆ ಗುಣಾಂಕ 0.4. ಹಲಗೆಯನ್ನು ತಟ್ಟಿದರೆ, ಕೈಯ ಜಿಡ್ಡು ಹತ್ತಿದ್ದರೆ ಅಂಕಿ ಬದಲಾಗುತ್ತದೆ. ತುಂಡನ್ನು ಕಿರಿದಾದ ಬದಿಯ ಮೇಲೆ ನಿಲ್ಲಿಸಿದರೂ ಎಳೆತ ಹೆಚ್ಚುಕಡಿಮೆ ಅಷ್ಟೇ. ರಬ್ಬರಿಗೆ ಇದನ್ನು ನೆಚ್ಚಬೇಡಿ.

ಕ್ರಿಯೆ ಮತ್ತು ಪ್ರತಿಕ್ರಿಯೆಗೆ ಎರಡು ತಕ್ಕಡಿಗಳನ್ನು ಕೊಕ್ಕೆ ಹಾಕಿ ಎಳೆಯುವುದು ಹಳೆಯ ಪದ್ಧತಿ. ನನಗೆ ಹಿಡಿಸುವುದು ನೀರಿನ ಲೋಟ. ಲೋಟವನ್ನು ತಕ್ಕಡಿಯ ಮೇಲಿಟ್ಟು, ದಾರಕ್ಕೆ ಕಟ್ಟಿದ 100 ಗ್ರಾಮಿನ ಉಕ್ಕಿನ ಗುಂಡನ್ನು ತಳ ಮುಟ್ಟದಂತೆ, ಅಂಚು ತಾಕದಂತೆ ಮುಳುಗಿಸಿ. ಮೇಲೆ ಹಿಡಿದ ಸ್ಪ್ರಿಂಗ್ ತಕ್ಕಡಿ ಸುಮಾರು 13 ಗ್ರಾಂ ಕಡಿಮೆ ತೋರಿಸುತ್ತದೆ, ಕೆಳಗಿನದು ಅಷ್ಟೇ ಹೆಚ್ಚು. ನೀರು ಗುಂಡನ್ನು ಮೇಲಕ್ಕೆ ಒತ್ತಿದರೆ ಗುಂಡು ನೀರನ್ನು ಕೆಳಕ್ಕೆ ಒತ್ತಲೇಬೇಕು. ಗುಂಡಿಗೆ ಗಾಳಿಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ.

ಕೊನೆಗೆ ಫೋನಿನ ವೇಗೋತ್ಕರ್ಷ ಸಂವೇದಕ. ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನು 9.8 ತೋರಿಸುತ್ತದೆ, ಬೀಳುತ್ತಿರುವ ಫೋನು ಸೊನ್ನೆ! ಅದು ಅಳೆಯುವುದು ಗುರುತ್ವ ಬಿಟ್ಟು ಉಳಿದ ಬಲಗಳನ್ನು, ಅಂದರೆ ಮೇಜಿನ ಒತ್ತನ್ನು. ಅರ್ಧ ಮೀಟರ್ ಎತ್ತರದಿಂದ ದಪ್ಪ ದಿಂಬಿನ ಮೇಲೆ ಬೀಳಿಸಿದರೆ 0.32 ಸೆಕೆಂಡು ಗೆರೆ ಸೊನ್ನೆಯ ಹತ್ತಿರ ಇದ್ದು, ದಿಂಬು ತಾಗಿದಾಗ ಥಟ್ಟನೆ ಮೇಲೇರುತ್ತದೆ. ಫೋನು ತಿರುಗುತ್ತ ಬಿದ್ದರೆ ಸೊನ್ನೆ ಸರಿಯಾಗಿ ಬರುವುದಿಲ್ಲ, ಮಟ್ಟಸವಾಗಿ ಹಿಡಿದು ಎರಡೂ ಕೈ ಒಟ್ಟಿಗೆ ಸರಿಸಿ. ಏರಿದ ಗೆರೆಯ ತುದಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಸಂವೇದಕ ತನ್ನ ಮಿತಿ ಮುಟ್ಟಿದೆ; ಇನ್ನೊಂದು ದಿಂಬು ಹಾಕಿ.