ಮಳೆ ಬರುವ ಮುಂಚೆ ಅಂಗಡಿ ಮುಂದಿನ ಮೋರಿ ಒಮ್ಮೆ ನೋಡಿ

ಅಂಗಡಿ ಮುಂದಿನ ಮೋರಿಗೆ ಬಿದ್ದದ್ದೆಲ್ಲ ವಿದ್ಯಾರಣ್ಯಪುರಂ ಇಲ್ಲವೇ ಕೆಸರೆಯ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಅಂತ ಮೈಸೂರಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅಲ್ಲಿಗೆ ಹೋಗಬೇಕಾದ್ದು ಟಾಯ್ಲೆಟ್, ಅಡುಗೆಮನೆಯ ನೀರು, ಅದೂ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಪೈಪಲ್ಲಿ. ಮಳೆನೀರಿನ ಮೋರಿಯೇ ಬೇರೆ. ಅದು ರಾಜಕಾಲುವೆ ಸೇರಿ, ಯಾರೂ ಸೋಸದೆ, ಕೆರೆಗೆ ಹೋಗುತ್ತದೆ. ಊರಿನ ದಕ್ಷಿಣದ ಇಳಿಜಾರು ಕಬಿನಿ ಕಡೆಗೆ, ಉತ್ತರದ್ದು ಕಾವೇರಿ ಕಡೆಗೆ. ಊರಿನ ದಕ್ಷಿಣಕ್ಕಿರುವ, ಕೊಳಚೆ ಸೇರಿ ಕೆಟ್ಟ ದಳವಾಯಿ ಕೆರೆಯ ಗತಿ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ.

ಒಂದು ಲೆಕ್ಕ ಹಾಕಿ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮದು 10,000 ಚದರ ಅಡಿಯ ಕಾಂಕ್ರೀಟ್ ಪಾರ್ಕಿಂಗ್ ಆದರೆ, 25 ಮಿ.ಮೀ. ಮಳೆಗೆ ಸುಮಾರು 23,000 ಲೀಟರ್, ಅಂದರೆ ಎರಡು ದೊಡ್ಡ ಟ್ಯಾಂಕರ್‌ನಷ್ಟು ನೀರು ಅಲ್ಲಿನ ಎಣ್ಣೆ, ಟೈರಿನ ಪುಡಿ, ಗುಟ್ಕಾ ಚೀಟಿ ಎಲ್ಲವನ್ನೂ ಬಾಚಿಕೊಂಡು ಹೊರಡುತ್ತದೆ. ತಿಂಗಳುಗಟ್ಟಲೆ ಕೂತ ಕೊಳೆ ಬಹುಪಾಲು ಮೊದಲ ಮಳೆಯಲ್ಲೇ ಹೋಗಿಬಿಡುತ್ತದೆ. ನಮ್ಮಲ್ಲಿ ಅದು ಯುಗಾದಿ ಕಳೆದು ಗುಡುಗು ಶುರುವಾಗುವ ಹೊತ್ತು. ಹಾಗಾಗಿ ಮುಖ್ಯ ಕೆಲಸ ಮಾರ್ಚ್‌ನಲ್ಲೇ ಆಗಬೇಕು.

ಕೆಲಸ ಅಂದರೆ ಪೊರಕೆ. ಪೈಪ್ ಹಿಡಿದು ನೀರು ಹೊಡೆಯುವುದು ಸ್ವಚ್ಛತೆ ಅಲ್ಲ, ನಿಮ್ಮ ಕೊಳೆಯನ್ನು ಮೋರಿಗೆ ಸಾಗಿಸುವುದು ಅಷ್ಟೇ. ವಾರಕ್ಕೆ ಎರಡು ಸಲ ಒಣಗಿದ್ದಾಗಲೇ ಗುಡಿಸಿ, ಮಣ್ಣನ್ನು ಚೀಲಕ್ಕೆ ತುಂಬಿ. ನಮ್ಮ ಕಾಂಪ್ಲೆಕ್ಸಿನ ವಾಚ್‌ಮನ್‌ಗೆ ಇದನ್ನು ಒಪ್ಪಿಸಲು ನನಗೆ ಆರು ತಿಂಗಳು ಹಿಡಿಯಿತು. ನೀರು ಹೊಡೆದರೆ ಹೊಳೆಯುತ್ತಲ್ವಾ ಸಾರ್ ಅನ್ನುತ್ತಿದ್ದರು.

ಗಾಡಿ ರಿಪೇರಿಯವರು ಬಾಡಿಗೆಗೆ ಇದ್ದರೆ ಕರಿಎಣ್ಣೆಯ ಮೇಲೆ ಒಂದು ಕಣ್ಣಿರಲಿ. ಸೋರಿದ ಜಾಗಕ್ಕೆ ಮರದ ಹೊಟ್ಟು ಸುರಿದು, ಹೀರಿಕೊಂಡ ಮೇಲೆ ಬಾಚಿ, ಮುಚ್ಚಳದ ಡಬ್ಬಿಯಲ್ಲಿ ಬೇರೆಯೇ ಇಡಿ. ಅದನ್ನು ಸಾಮಾನ್ಯ ಕಸಕ್ಕೆ ಸೇರಿಸಬೇಡಿ. ಹಳೆ ಎಣ್ಣೆಯನ್ನು ಪರವಾನಗಿ ಇರುವ ಮರುಬಳಕೆಯವರಿಗೇ ಕೊಡಬೇಕು, 2016ರ ಅಪಾಯಕಾರಿ ತ್ಯಾಜ್ಯದ ನಿಯಮ ಹೇಳುವುದೂ ಅದನ್ನೇ. ಹೋಟೆಲಿನವರದ್ದು ಬೇರೆ ತಲೆನೋವು. ಹಿಂಬಾಗಿಲಲ್ಲಿ ಪಾತ್ರೆ ತೊಳೆದು ಮುಸುರೆ ನೀರನ್ನು ಹತ್ತಿರದ ಮೋರಿಗೆ ಬಿಡುತ್ತಾರೆ. ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್ ಹಾಕಿಸಿ, ಆ ನೀರನ್ನು ಯುಜಿಡಿಗೆ ಸೇರಿಸಿ. ಟ್ರ್ಯಾಪ್ ತೆಗೆದು ತೊಳೆಯದಿದ್ದರೆ ಅದು ಇದ್ದೂ ಇಲ್ಲದಂತೆ. ಕಸದ ಡ್ರಮ್ಮಿಗೆ ಮುಚ್ಚಳ, ಸಿಮೆಂಟ್ ಚೀಲಕ್ಕೆ ಟಾರ್ಪಾಲ್, ಮೋರಿ ಬಾಯಿಗೆ ಕಂಬಿಯ ಜಾಲರಿ. ಇವಿಷ್ಟು ಒಂದು ದಿನದ ಕೆಲಸ.

ತಾರಸಿ ನೀರು ಪಾರ್ಕಿಂಗ್ ಮೇಲೆ ಬೀಳುತ್ತಿದ್ದರೆ ಮೊದಲು ಅದನ್ನು ತಪ್ಪಿಸಿ. ಅದು ಹೆಚ್ಚು ಕಡಿಮೆ ಚೊಕ್ಕ ನೀರು, ಸುಮ್ನೆ ಕೊಳೆ ಮಾಡಿ ಕಳಿಸುತ್ತೀರಿ. ಪೈಪಿನಲ್ಲಿ ಇಳಿಸಿ, ಸೋಸಿ, ಸಂಪಿಗೋ ಇಂಗುಗುಂಡಿಗೋ ಬಿಡಿ. ಪಾರ್ಕಿಂಗಿನ ನೀರನ್ನು ಮಾತ್ರ ಇಂಗುಗುಂಡಿಗೆ ಬಿಡಬೇಡಿ, ಎಣ್ಣೆ ನಿಮ್ಮ ಬೋರ್‌ವೆಲ್‌ಗೇ ಇಳಿದೀತು.

ಇನ್ನೊಂದು ಸುತ್ತು ದಸರಾಕ್ಕೆ ಮುಂಚೆ. ಆಯುಧ ಪೂಜೆಗೆ ಎಲ್ಲರೂ ಗಾಡಿ ತೊಳೆಯುತ್ತಾರೆ, ಅಕ್ಟೋಬರ್ ಮಳೆಯೂ ಆಗಲೇ ಬರುತ್ತದೆ. ತೊಳೆಯಲು ಯುಜಿಡಿಗೆ ಸಂಪರ್ಕ ಇರುವ ಒಂದು ಮೂಲೆ ಗುರುತು ಮಾಡಿಕೊಡಿ. ಪೂಜೆಯ ಸಂಜೆಯೇ ಒಡೆದ ಬೂದುಗುಂಬಳಕಾಯಿ, ಕುಂಕುಮ, ಬಾಳೆಕಂದು ಎತ್ತಿಸಿ. ಬೆಳಗ್ಗೆ ಮಾಡೋಣ ಅಂತ ಬಿಟ್ಟರೆ ರಾತ್ರಿ ಮಳೆ ಬಂದು ಜಾಲರಿ ಕಟ್ಟಿಕೊಳ್ಳುತ್ತದೆ, ನೆಲಮಾಳಿಗೆಗೆ ನೀರು ನುಗ್ಗುತ್ತದೆ. ಹೋದ ಸಲ ನಮಗೆ ಆದದ್ದು ಅದೇ.