ವಿಚಾರಿಸುವವರಿಲ್ಲದ ಪಂಕ್ತಿ

ಮುಂಬೈನ ಅಂಧೇರಿಯ ಒಂದು ಹೋಟೆಲಿನ 84 ಕೋಣೆಗಳಿಗೆ ಟಿವಿ ಚಾನೆಲ್‌ಗಳನ್ನು ಕಂಪ್ಯೂಟರ್ ಜಾಲದ ಮೂಲಕವೇ ಹರಿಸುವ ಕೆಲಸ ನನಗೆ ಸಿಕ್ಕಿದ್ದು ಭಾಷೆಯ ದೆಸೆಯಿಂದ. ಮಾಲೀಕರು ಕುಂದಾಪುರದ ಕಡೆಯವರು. "ಕೆಲಸ ಕೆಟ್ಟರೆ ಕನ್ನಡದಲ್ಲಿ ಬೈಯಲು ಒಬ್ಬರಿರಲಿ ಮಾರಾಯರೇ" ಎಂದು ನಕ್ಕಿದ್ದರು. ಆ ಯೋಗ ಮೂರನೆಯ ದಿನವೇ ಕೂಡಿಬಂತು.

ಡಿಶ್‌ನಿಂದ ಬರುವ 12 ಚಾನೆಲ್‌ಗಳನ್ನು ಜಾಲಕ್ಕೆ ಇಳಿಸುವ ಎನ್‌ಕೋಡರ್ ಪೆಟ್ಟಿಗೆಗೆ 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ) ಒಂದೇ ಪೋರ್ಟ್, ಎಂದರೆ ಕೇಬಲ್ ಚುಚ್ಚುವ ಕಿಂಡಿ. ಒಂದು ಚಾನೆಲ್‌ಗೆ ಸುಮಾರು 5 ಎಂಬಿಪಿಎಸ್. ನಾನು ಮೊದಲು ಯೂನಿಕಾಸ್ಟ್‌ನಲ್ಲೇ ಕೊಟ್ಟೆ, ಎಂದರೆ ಕೇಳಿದ ಪ್ರತಿ ಟಿವಿಗೂ ಬೇರೆ ಬೇರೆ ಪ್ರತಿ. ಕ್ರಿಕೆಟ್ ಪಂದ್ಯವಿದ್ದ ಸಂಜೆ ಹತ್ತೊಂಬತ್ತನೆಯ ಟಿವಿ ಹಚ್ಚುವ ಹೊತ್ತಿಗೆ ಎಲ್ಲ ಕೋಣೆಗಳಲ್ಲೂ ಚಿತ್ರ ತುಂಡುತುಂಡಾಯಿತು. ಎಲ್ಲರೂ ನೋಡುತ್ತಿದ್ದುದು ಅದೇ ಪಂದ್ಯ. 84 ಟಿವಿಗಳಿಗೆ 420 ಎಂಬಿಪಿಎಸ್ ಬೇಕೆಂಬ ಗುಣಾಕಾರವನ್ನು ನಾನು ಮೊದಲೇ ಮಾಡಬೇಕಿತ್ತು.

ಮಲ್ಟಿಕಾಸ್ಟ್ ಎಂದರೇನೆಂದು ಮಾಲೀಕರಿಗೆ ಹೇಳಲು ಊಟದ ಪಂಕ್ತಿಯೇ ಸಾಕಾಯಿತು. ಒಬ್ಬೊಬ್ಬರಿಗೂ ಅಡುಗೆಮನೆಯಿಂದ ಬೇರೆ ತಟ್ಟೆ ಹೊತ್ತು ತರುವುದು ಯೂನಿಕಾಸ್ಟ್. ಒಂದೇ ಪಾತ್ರೆ ಹಿಡಿದು, ಎಲೆ ಹಾಕಿಕೊಂಡು ಕುಳಿತವರಿಗಷ್ಟೇ ಬಡಿಸಿಕೊಂಡು ಹೋಗುವುದು ಮಲ್ಟಿಕಾಸ್ಟ್. ಪ್ರತಿ ಚಾನೆಲ್‌ಗೂ 239ರಿಂದ ಆರಂಭವಾಗುವ ಒಂದು ಗುಂಪು ವಿಳಾಸವಿರುತ್ತದೆ. ಎನ್‌ಕೋಡರ್ ಅದಕ್ಕೆ ಒಂದೇ ಪ್ರತಿ ಕಳುಹಿಸುತ್ತದೆ, ಕವಲೊಡೆಯುವಲ್ಲಿ ಸ್ವಿಚ್, ಎಂದರೆ ಜಾಲದ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ, ನಕಲು ಮಾಡಿಕೊಳ್ಳುತ್ತದೆ. "ನನಗೂ ಬೇಕು" ಎಂದು ಟಿವಿ ಹೇಳುವ ಭಾಷೆ ಐಜಿಎಂಪಿ. ಸ್ಟೀವ್ ಡೀರಿಂಗ್ ಎಂಬ ಕಂಪ್ಯೂಟರ್ ವಿಜ್ಞಾನಿ 1989ರಲ್ಲಿ ಬರೆದಿಟ್ಟ ಈ ಕ್ರಮದಲ್ಲಿ ಕಳುಹಿಸುವವನಿಗೆ ಉಣ್ಣುವವರ ಲೆಕ್ಕವೇ ಬೇಡ. ಟಿವಿ 84 ಇರಲಿ, 840 ಇರಲಿ, ನನ್ನ ಪೆಟ್ಟಿಗೆಯಿಂದ ಹೊರಡುವುದು 60 ಎಂಬಿಪಿಎಸ್.

ಬದಲಾಯಿಸಿದೆ. ಟಿವಿಗಳು ಕನ್ನಡಿಯಂತೆ ಬೆಳಗಿದವು, ವೈಫೈ ಸತ್ತಿತು. ಹಳೆಯ ವೈರಿಂಗ್‌ನಲ್ಲಿ ಎರಡಕ್ಕೂ ಒಂದೇ ಜಾಲ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ತಿಳಿಯದ ಸ್ವಿಚ್ 12 ಚಾನೆಲ್‌ಗಳನ್ನೂ ಎಲ್ಲ ಪೋರ್ಟ್‌ಗಳಿಗೂ ಸುರಿಯುತ್ತಿತ್ತು. ವೈಫೈ ಪೆಟ್ಟಿಗೆಯಂತೂ ಮಲ್ಟಿಕಾಸ್ಟನ್ನು ದೂರದ ಫೋನಿಗೂ ಮುಟ್ಟಲೆಂದು ಸಾಮಾನ್ಯವಾಗಿ ತೀರಾ ನಿಧಾನದ ವೇಗದಲ್ಲಿ ಬಿಡುತ್ತದೆ. 60 ಎಂಬಿಪಿಎಸ್ ಅದರ ಗಂಟಲಲ್ಲಿ ಇಳಿಯುವಂಥದ್ದಲ್ಲ. ವೈಫೈಯನ್ನು ಬೇರೆ ವಿಎಲ್‌ಎಎನ್‌ಗೆ, ಎಂದರೆ ಅದೇ ತಂತಿಗಳಲ್ಲಿ ಪ್ರತ್ಯೇಕವಾಗಿ ಹರಿಯುವ ಇನ್ನೊಂದು ಜಾಲಕ್ಕೆ, ಸರಿಸಿದೆ. ಟಿವಿಯ ಕಡೆಗೆ ಐಜಿಎಂಪಿ ಸ್ನೂಪಿಂಗ್ ಹಾಕಬೇಕಿತ್ತು: ಟಿವಿಗಳ ಕೋರಿಕೆಯನ್ನು ಸ್ವಿಚ್ ಕದ್ದು ಕೇಳಿ, ಕೇಳಿದ ಪೋರ್ಟ್‌ಗೆ ಮಾತ್ರ ಕೊಡುವ ಏರ್ಪಾಟು.

ಈ ಬಾರಿ ಬುದ್ಧಿ ಬಂದಿತ್ತು. ಸರ್ವರ್ ಕೋಣೆಯಲ್ಲಿ ಒಂದೇ ಸ್ವಿಚ್‌ಗೆ ಎನ್‌ಕೋಡರ್ ಮತ್ತು ಮೂರು ಟಿವಿ ಜೋಡಿಸಿ ನೋಡಿದೆ. ಚಿತ್ರ ಬಂತು. ಚಹಾ ತರಲು ಹೋಗಿ ಬರುವಷ್ಟರಲ್ಲಿ ಮೂರೂ ಕಪ್ಪು. ಚಾನೆಲ್ ಬದಲಿಸಿದರೆ ಮತ್ತೆ ಬಂತು, ಮತ್ತೆ ಹೋಯಿತು. ಕೇಬಲ್ ಬದಲಿಸಿದೆ, ಟಿವಿಯ ಮೇಲೆ ಗುಮಾನಿ ಪಟ್ಟೆ, ಎರಡು ಸಂಜೆ ಹಾಳಾದವು. ಕೊನೆಗೆ ಗಡಿಯಾರ ಹಿಡಿದು ಕುಳಿತೆ. ಪ್ರತಿ ಸಲವೂ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

260 ಸೆಕೆಂಡು! ಐಜಿಎಂಪಿಯಲ್ಲಿ ಕ್ವೇರಿಯರ್ ಎಂಬುವನು 125 ಸೆಕೆಂಡಿಗೊಮ್ಮೆ "ಇನ್ನೂ ಯಾರಿಗೆ ಬೇಕು?" ಎಂದು ವಿಚಾರಿಸುತ್ತಾನೆ. ಅಂಥ ಎರಡು ಸುತ್ತು, ಉತ್ತರಕ್ಕೆಂದು 10 ಸೆಕೆಂಡು, ಅಷ್ಟರೊಳಗೆ ಮಾತಿಲ್ಲವೆಂದರೆ ಎಲೆ ಮಡಚಿದರೆಂದೇ ಸ್ವಿಚ್‌ನ ಲೆಕ್ಕ. ಸಾಮಾನ್ಯವಾಗಿ ಈ ವಿಚಾರಣೆ ಮಲ್ಟಿಕಾಸ್ಟ್ ರೌಟರ್‌ನ ಕೆಲಸ. ನನ್ನ ಜಾಲದಲ್ಲಿ ಅದು ಇರಲೇ ಇಲ್ಲ. ಟಿವಿಗಳು ಕೇಳಿದರೆ ಹೇಳಲು ಸಿದ್ಧವಿದ್ದವು; ಕೇಳುವವರಿರಲಿಲ್ಲ.

ಮುಖ್ಯ ಸ್ವಿಚ್‌ಗೆ ಆ ವಿಎಲ್‌ಎಎನ್‌ನಲ್ಲಿ ಒಂದು ಐಪಿ ವಿಳಾಸ ಕೊಟ್ಟು, ಕ್ವೇರಿಯರ್ ಚಾಲೂ ಮಾಡಿದೆ. ಎರಡು ಸಾಲಿನ ಕೆಲಸ. ಪ್ರಶ್ನೆ ಯಾವ ಪೋರ್ಟ್‌ನಿಂದ ಬಂತೆಂದು ನೋಡಿಕೊಂಡು ಮಹಡಿಯ ಸ್ವಿಚ್‌ಗಳೂ ತಮ್ಮ ಟಿವಿಗಳ ಕೋರಿಕೆಯನ್ನು ಅತ್ತ ದಾಟಿಸತೊಡಗಿದವು.

ಒಂದು ದೂರು ಮಾತ್ರ ಉಳಿದಿತ್ತು. ಚಾನೆಲ್ ಬಿಟ್ಟ ಕ್ಷಣವೇ, ಬೇರೆ ಯಾರಿಗಾದರೂ ಬೇಕೇ ಎಂದು ವಿಚಾರಿಸದೆ, ಆ ಪೋರ್ಟ್‌ಗೆ ಹರಿವು ನಿಲ್ಲಿಸುವ ಫಾಸ್ಟ್ ಲೀವ್ ಎಂಬ ಏರ್ಪಾಟನ್ನು ನಾನು ಹಾಕಿದ್ದೆ. ದೊಡ್ಡ ಸ್ವೀಟ್ (ಜೋಡಿಕೋಣೆ) ಒಂದರಲ್ಲಿ ಪುಟ್ಟ ಸ್ವಿಚ್ ಇಟ್ಟು ಎರಡು ಟಿವಿಗಳನ್ನು ಒಂದೇ ಪೋರ್ಟ್‌ಗೆ ಸೇರಿಸಿದ್ದರು. ಮಕ್ಕಳು ಒಳಗೆ ಚಾನೆಲ್ ತಿರುಗಿಸಿದರೆ ಹಿರಿಯರ ಪಂದ್ಯ ಮಾಯವಾಗುತ್ತಿತ್ತು. ಆ ಪೋರ್ಟ್‌ಗೆ ಮಾತ್ರ ಅದನ್ನು ತೆಗೆದೆ. ಈಗ ಅಲ್ಲಿ ಬಿಟ್ಟ ಚಾನೆಲ್ ಎರಡು ಸೆಕೆಂಡು ಹೆಚ್ಚು ಹರಿಯುತ್ತದೆ, ಹರಿಯಲಿ.